ಹೆಂಗಸರ ಅಳತೆಯ ಅಚ್ಚುಗಳು

ನನ್ನ ತಮ್ಮ ಎಜೀದಿಯೊ ಕ್ವಾರಾಂತಾ ತೀರಿಕೊಂಡು ಎಂಟು ತಿಂಗಳಾಯಿತು. ನೇಪಲ್ಸಿನ ಸಾನಿತಾ ಕೇರಿಯಲ್ಲಿ ಇವತ್ತಿಗೂ ಅವನ ಹೆಸರೆತ್ತಿದರೆ, "ಓ, ಆ ಒಪೆರಾ ಹಾಡನ್ನ ಬೆಂಕಿಗೆ ಹಾಕಿದ ಕೈಗವಸಿನೋನಾ?" ಎನ್ನುತ್ತಾರೆ. ಐವತ್ತೆರಡು ವರ್ಷ ಅವನು ಕತ್ತರಿಸಿದ ಕೈಗವಸುಗಳು ಯಾರಿಗೂ ನೆನಪಿಲ್ಲ. ಅವನು ಬೆಂಕಿಗೆ ಏನನ್ನೂ ಹಾಕಲಿಲ್ಲ. ಹಾಕಿದವಳು ನಾನು. ಇದನ್ನು ಬರೆಯುವಾಗ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತಿದೆ, ಎಪ್ಪತ್ತೈದನೆಯ ವಯಸ್ಸಿನಲ್ಲಿ.

ನಾನು ರಕೇಲೆ, ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಅವನು ಚರ್ಮ ಕತ್ತರಿಸುತ್ತಿದ್ದ, ನಾನು ಹೊಲಿಯುತ್ತಿದ್ದೆ. ಅವನಿಗೂ ಮದುವೆಯಾಗಲಿಲ್ಲ, ನನಗೂ ಆಗಲಿಲ್ಲ. ನನ್ನ ಬಾಯಿಗೆ ಹೆದರಿ ಗಂಡುಗಳು ಓಡಿಹೋದರು ಎಂದು ಕೇರಿಯವರು ಹೇಳುತ್ತಾರೆ, ನಿಜವೇ ಇರಬೇಕು. ಅವನದು ಬೇರೆ ಕಥೆ. ಅವನು ಹೆಂಗಸರ ಮುಖವನ್ನೇ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. "ಯಾರೋ ಬಂದಿದ್ದು?" ಎಂದು ನಾನು ಮಹಡಿಯಿಂದ ಕೂಗಿದರೆ, "ಏಳೂಕಾಲು ನಂಬರು ಬಂದಿದ್ಳು, ಎಡಗೈ ಹೆಬ್ಬೆರಳು ಸ್ವಲ್ಪ ದಪ್ಪ," ಎನ್ನುತ್ತಿದ್ದ. ಹೆಸರೇನು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ.

ನಮ್ಮದು ಬೀದಿಗೇ ಬಾಗಿಲಿರುವ ಒಂದು ಕೋಣೆಯ ಕೆಲಸದ ಮನೆ, ಮೇಲೆ ವಾಸದ ಮನೆ. ಮೇಕೆಮರಿಯ ಚರ್ಮವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಿಗ್ಗೆ ಮೇಜಿನ ಅಂಚಿಗೆ ಹಾಕಿ ಎಳೆದೆಳೆದು ಹದಕ್ಕೆ ತಂದು, ಅದರ ಮೇಲೆ ರಟ್ಟಿನ ಅಚ್ಚು ಇಟ್ಟು ಗೆರೆ ಹಾಕಿ ಕತ್ತರಿಸುವುದು. ಮುಂಗೈ, ಅಂಗೈ ಎರಡೂ ಸೇರಿದ ಅಗಲವಾದ ಅಚ್ಚು, ಮೇಲುಗಡೆ ಬೆರಳುಗಳ ಸೀಳು. ಕೈಗವಸಿನ ಗುಟ್ಟೆಲ್ಲ ಅದರಲ್ಲೇ ಇರುವುದು. ಆದ್ದರಿಂದ ಒಂದು ಮನೆಯ ಅಚ್ಚು ಇನ್ನೊಂದು ಮನೆಯವರ ಕಣ್ಣಿಗೆ ಬೀಳಬಾರದು. ಸವೆದದ್ದನ್ನು ಕಸಕ್ಕೂ ಹಾಕುವಂತಿಲ್ಲ, ಪಕ್ಕದ ಬೀದಿಯವನು ಆರಿಸಿಕೊಂಡು ಹೋದರೆ ಮೂರು ತಲೆಮಾರಿನ ಅಳತೆ ಅವನ ಪಾಲು. ಜನವರಿ ಹದಿನೇಳರಂದು, ಸಂತ ಅಂತೋನಿಯ ದಿನ, ಬೀದಿಬೀದಿಯಲ್ಲಿ ಮುರಿದ ಕುರ್ಚಿ ಮಂಚಗಳನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರಲ್ಲ, ಕೈಗವಸಿನ ಮನೆಗಳವರು ಸವೆದ ಅಚ್ಚುಗಳನ್ನು ತಂದು ಅದರಲ್ಲಿ ಹಾಕುತ್ತಿದ್ದರು. ಪೂರ್ತಿ ಬೂದಿಯಾಗುವ ತನಕ ಅಲ್ಲಾಡದೆ ನಿಂತು ನೋಡಿಯೇ ಹೋಗುತ್ತಿದ್ದರು.

ನಮ್ಮ ಅಚ್ಚುಗಳನ್ನು ಯುದ್ಧದ ಕಾಲದಲ್ಲಿ ತಾತ ಬಿಯಾಜಿಯೊ ಮಾಡಿದ್ದು. ಹಳೆಯ ಕಾಲದ ದಪ್ಪ ಕಾಗದ, ನಾಲ್ಕು ನಾಲ್ಕು ಹಾಳೆ ಸೇರಿಸಿ ಮೈದಾ ಅಂಟು ಹಾಕಿ ಒತ್ತಿ ಒಣಗಿಸಿದ್ದ. ಐವತ್ತು ವರ್ಷವಾದರೂ ಒಂದು ಕೂದಲೆಳೆಯಷ್ಟು ಬಾಗಿರಲಿಲ್ಲ. ಗೋಡೆಯ ಎಡಕ್ಕೆ ಗಂಡಸರ ಅಳತೆ, ಬಲಕ್ಕೆ ಹೆಂಗಸರ ಅಳತೆ, ಮೊಳೆಗಳಿಗೆ ದಾರ ಕಟ್ಟಿ ತೂಗುಹಾಕಿದ್ದವು. ಅವುಗಳ ಮೇಲೆ ಐದೈದು ಗೆರೆ, ಗೆರೆಯ ಮೇಲೆ ಕಪ್ಪು ಚುಕ್ಕೆಗಳು, ಕೆಳಗೆ ಅಕ್ಷರ. ಅದು ಸಂಗೀತ ಎಂದು ನಮಗೆ ಗೊತ್ತಿತ್ತು. ಶಾಲೆ ಕಾಣದ ನಾನು ಹನ್ನೆರಡು ದಾಟಿದ ಮೇಲೆ ಅಕ್ಷರ ಕೂಡಿಸಿ ಓದಲು ಕಲಿತದ್ದೇ ಆರೂವರೆ ನಂಬರಿನ ಅಚ್ಚಿನ ಹೆಬ್ಬೆರಳ ಬುಡದಲ್ಲಿ. ಅಲ್ಲಿ 'ನಾನೂ' ಎಂದು ಬರೆದಿತ್ತು.

ಕಾಗದ ಎಲ್ಲಿಂದ ಬಂತು ಎಂಬುದೂ ಗೊತ್ತಿತ್ತು. ಬಾಂಬು ಬೀಳುತ್ತಿದ್ದ ದಿನಗಳಲ್ಲಿ ನಮ್ಮ ಚರ್ಚಿನ ಬೀಗದಕೈ ತಾತನ ಹತ್ತಿರ ಇತ್ತು. ಅವನು ಬೆಳ್ಳಿಯ ದೀಪ, ಬಟ್ಟಲುಗಳನ್ನೆಲ್ಲ ಬಾವಿಯೊಳಗೆ ಬಚ್ಚಿಟ್ಟು, ಯುದ್ಧ ಮುಗಿದ ಮೇಲೆ ಎಣಿಸಿ ಒಪ್ಪಿಸಿದ. ಅಟ್ಟದ ಮೇಲಿದ್ದ ಕಾಗದದ ಕಟ್ಟು ಮಾತ್ರ ಮನೆಗೆ ತಂದಿದ್ದ. 'ಅದು ಬಾಂಬಿಗೆ ಹೋಯಿತು' ಎಂದು ಪಾದ್ರಿಗೆ ಹೇಳಿದ್ದ. ಈಗಲೂ ಚರ್ಚಿನ ಎಡಗೋಡೆಯಲ್ಲಿ ಅಮೃತಶಿಲೆಯ ಹಲಗೆಯಿದೆ: 'ಈ ಆಲಯದ ಸೊತ್ತನ್ನು ಪ್ರಾಮಾಣಿಕವಾಗಿ ಕಾಪಾಡಿದ ಬಿಯಾಜಿಯೊ ಕ್ವಾರಾಂತಾ.' ನಾನು ಭಾನುವಾರ ಭಾನುವಾರ ಅದರ ಕೆಳಗಿನ ಬೆಂಚಿನಲ್ಲೇ ಕೂರುವುದು. ಬೇರೆ ಯಾರಾದರೂ ಅಲ್ಲಿ ಕೂತಿದ್ದರೆ ಎಬ್ಬಿಸುತ್ತಿದ್ದೆ.

ತೊಂಬತ್ತನಾಲ್ಕರ ನವೆಂಬರಿನಲ್ಲಿ ಲವೀನಿಯಾ ಕಪೇಚೆ ಬಂದಳು. ಸಂಗೀತ ಶಾಲೆಯಲ್ಲಿ ಪಾಠ ಹೇಳುವವಳು, ಮೂವತ್ತೈದರ ಹೆಂಗಸು, ಬೈಸಿಕಲ್ಲು ಹೊಡೆದು ಬೆವತಿದ್ದಳು. ಸಂಗೀತದವರನ್ನು ನಾವು ಮಾಯೆಸ್ತ್ರಾ ಎಂದೇ ಕರೆಯುವುದು. ಇನ್ನೂರ ಅರವತ್ತು ವರ್ಷದ ಹಿಂದೆ ನಮ್ಮದೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಸ್ಪಿನಾಕೊರ್ತಾ ಎಂಬ ಹುಡುಗ 'ಅರ್ಮೆಲಿಂದಾ' ಎಂಬ ಒಪೆರಾ ಬರೆದಿದ್ದನಂತೆ. ಒಂದು ಚಳಿಗಾಲ ಆಡಿದರು, ಅವನು ಸತ್ತ, ಒಪೆರಾ ಮರೆತೇಹೋಯಿತು.

"ಎರಡೂವರೆ ಅಂಕ ಒಂದು ಮಠದ ಕಪಾಟಲ್ಲಿ ಸಿಕ್ಕಿದೆ," ಎಂದಳು. "ಕೊನೇ ದೃಶ್ಯಗಳ ಮಾತು ಸಿಕ್ಕಿದೆ, ಆಗಿನ ಕಾಲದಲ್ಲಿ ನೋಡೋಕೆ ಬಂದೋರಿಗೆ ಪುಸ್ತಕ ಮಾರ್ತಿದ್ರಲ್ಲ, ಅದು. ರಾಗ ಮಾತ್ರ ಸಿಕ್ಕಿಲ್ಲ. ಕೊನೇ ಹಾಡು ರಾಣಿ ಅರ್ಮೆಲಿಂದಾದು. ತಂಗಿ ಮೋಸ ಮಾಡಿರ್ತಾಳೆ, ರಾಣಿ ಕ್ಷಮಿಸ್ತಾಳೆ. ಅದಿಲ್ದೆ ಆಡಿಸಿದ್ರೆ ಕಥೆಗೆ ಕೊನೆಯೇ ಇಲ್ಲ. ನಿಮ್ಮ ಚರ್ಚಿನ ಕಾಗದ ಯುದ್ಧದಲ್ಲಿ ಈ ಕೇರಿ ಕಡೆ ಬಂತು ಅಂತ ಒಬ್ಬರು ಅಜ್ಜಿ ಹೇಳಿದ್ರು. ಪಟಾಕಿಯೋರು, ಚಪ್ಪಲಿಯೋರು, ಎಲ್ಲರನ್ನೂ ಕೇಳ್ಕೊಂಡು ಬಂದೆ."

ಎಜೀದಿಯೊ ಅವಳ ಕೈ ನೋಡುತ್ತಿದ್ದ. ಅಚ್ಚುಗಳು ಒಳಕೋಣೆಯ ಗೋಡೆಯ ಮೇಲಿದ್ದವು, ನಡುವೆ ಒಂದು ಪರದೆ ಅಷ್ಟೇ. ಅವನು ಬಾಯಿ ತೆರೆದ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ.

"ನಮ್ಮಲ್ಲಿ ಚರ್ಮ ಇದೆ, ಮಾಯೆಸ್ತ್ರಾ. ಕಾಗದ ಬೇಕಿದ್ರೆ ವಕೀಲರ ಹತ್ರ ಹೋಗಿ," ಎಂದೆ.

ಅವಳು ನಕ್ಕು, ಫೋನ್ ನಂಬರೂ ಮನೆಯ ವಿಳಾಸವೂ ಇದ್ದ ಚೀಟಿ ಇಟ್ಟು ಹೋದಳು. ಅವಳ ಬೆನ್ನು ಮರೆಯಾಗುವುದನ್ನೇ ಕಾದಿದ್ದು ಎಜೀದಿಯೊ ಹೇಳಿದ, "ರಕೇ, ಕೊಟ್ಬಿಡೋಣ ಕಣೇ."

"ಏನು ಕೊಡ್ತೀಯ? ತಾತನ ಮಾನಾನಾ? ಕಳ್ಳ ಅಂತ ಹಲಗೆ ಕಿತ್ತು ತೆಗೀತಾರೆ."

"ತಾತ ಸತ್ತು ಮೂವತ್ತು ವರ್ಷ ಆಯ್ತು. ಅವನಿಗೇನು ನೋಯುತ್ತೆ?"

"ನಂಗೆ ನೋಯುತ್ತೆ! ಮೀನು ಮಾರೋ ತೆರೇಸಾ ಮುಂದೆ ನಾನು ಹೆಂಗೋ ತಲೆ ಎತ್ಕೊಂಡು ಓಡಾಡ್ಲಿ? ಅದೂ ಅಲ್ದೆ ಅಚ್ಚು ಕೊಟ್ಬಿಟ್ರೆ ನೀನು ಏನಿಟ್ಕೊಂಡು ಕತ್ತರಿಸ್ತೀಯ? ನಿನ್ನ ಮೂಗಾ?"

ಅವನು ಕತ್ತರಿ ಎತ್ತಿಕೊಂಡ. ನಾನು ಗೆದ್ದೆ ಎಂದುಕೊಂಡೆ. ಆದರೆ ಅವತ್ತಿನಿಂದ ಅವನು ಕತ್ತರಿಸುವ ಮೊದಲು ಅಚ್ಚನ್ನು ಬೆಳಕಿಗೆ ಹಿಡಿದು ನೋಡುವುದು ಶುರುವಾಯಿತು. ಒಂದು ದಿನ ಚುಕ್ಕೆಗಳ ಮೇಲೆ ಬೆರಳಾಡಿಸುತ್ತ, "ಇದು ಮೇಲೆ ಹೋಗುತ್ತೆ, ಇಲ್ಲಿ ಇಳಿಯುತ್ತೆ," ಎಂದು ಗುನುಗಿದ. ಅವನ ಗಂಟಲು ಕತ್ತೆಯದು, ಆದರೂ ಆ ದನಿ ಕೇಳಿ ನನಗೆ ಭಯವಾಯಿತು. ಇವತ್ತಲ್ಲ ನಾಳೆ ಇವನು ಹೇಳಿಯೇ ಹೇಳುತ್ತಾನೆ ಎಂದು ಗೊತ್ತಾಯಿತು.

ಜನವರಿ ಹದಿನೇಳು ಬಂತು. ಸಂಜೆ ಐದರ ಹೊತ್ತಿಗೆ ಎಜೀದಿಯೊ ಕೋಟು ಹಾಕಿಕೊಂಡು, ಪೇಟೆಯ ಅಂಗಡಿಗೆ ಮಾಲು ಕೊಟ್ಟು ಬರುತ್ತೇನೆ ಎಂದು ಹೊರಟ. ಬೀದಿಯ ಕೊನೆಯಲ್ಲಿ ಆಗಲೇ ಬೆಂಕಿ ಹತ್ತಿತ್ತು. ನಾನು ಗೋಡೆಯ ಬಲಗಡೆಯ ಅಚ್ಚುಗಳನ್ನೆಲ್ಲ ಮೊಳೆಯಿಂದ ಕಿತ್ತು ಏಪ್ರನ್ನಿನಲ್ಲಿ ತುಂಬಿಕೊಂಡೆ. ಅವು ಸವೆದಿರಲಿಲ್ಲ. ಗಂಡಸರ ಅಚ್ಚುಗಳು ಯಾವುದೋ ದೊಡ್ಡ ಆರ್ಡರಿಗೆಂದು ಅವನ ಮೇಜಿನ ಖಾನೆಯಲ್ಲಿದ್ದವು, ಬೀಗದಕೈ ಅವನ ಜೇಬಿನಲ್ಲಿತ್ತು. ಇಲ್ಲದಿದ್ದರೆ ಅವನ್ನೂ ಹೊತ್ತುಕೊಂಡು ಹೋಗುತ್ತಿದ್ದೆ. ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಕೊಳ್ಳಲು ಈ ಮಾತು ಬಿಡಬಹುದಿತ್ತು, ಬಿಡುವುದಿಲ್ಲ.

"ಏನು ದೊನ್ನಾ ರಕೇಲೆ, ಇಷ್ಟೊಂದು ಅಚ್ಚು! ಅಂಗಡಿ ಮುಚ್ತಿದ್ದೀರಾ?" ಎಂದಳು ಮೀನಿನ ತೆರೇಸಾ.

"ಸವೆದಿದ್ದು ಕಣಮ್ಮ. ನಿನ್ನ ಮೀನಿನ ಹಂಗೆ ಹಳೇದನ್ನೇ ಮಾರಕ್ಕಾಗುತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಒಂದೊಂದಾಗಿ ಹಾಕಿದೆ. ಮೈದಾ ಅಂಟು ಹಾಕಿದ್ದರಿಂದ ಬೇಗ ಹೊತ್ತಲಿಲ್ಲ, ಮೊದಲು ಹಪ್ಪಳದಂತೆ ಉಬ್ಬಿ ಪದರ ಪದರವಾಗಿ ಬಿಚ್ಚಿಕೊಂಡವು. ಅರ್ಧ ಶತಮಾನ ಮುಚ್ಚಿದ್ದ ಹಾಳೆಗಳು ಅಲ್ಲಿ ನನ್ನೆದುರು ತೆರೆದವು, ಶಾಯಿ ಇನ್ನೂ ಕಪ್ಪಗೆ ಇತ್ತು. ಆರೂವರೆ ನಂಬರಿನದು ಮೇಲುಮುಖವಾಗಿ ಬಿದ್ದಿತ್ತು. 'ನಾನೂ' ಎಂಬುದು ಕೊನೆಯವರೆಗೂ ಕಾಣುತ್ತಿತ್ತು. ಕೈ ಹಾಕಿ ಎಳೆದುಕೊಳ್ಳಬಹುದಿತ್ತು, ಬೆಂಕಿ ಅಷ್ಟು ದೊಡ್ಡದಿರಲಿಲ್ಲ. ಪೂರ್ತಿ ಬೂದಿಯಾಗುವ ತನಕ ನಿಂತು ನೋಡಿ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಇನ್ನೂ ಬಾಗಿಲು ತೆರೆಯುತ್ತಿದ್ದೇವೆ, ಲವೀನಿಯಾ ಬಂದು ನಿಂತಿದ್ದಳು. ಇವನು ಎಲ್ಲಿಂದಲೋ ಫೋನ್ ಮಾಡಿ ಕರೆಸಿದ್ದಾನೆ ಎಂದುಕೊಂಡೆ. ಎಜೀದಿಯೊ ನನ್ನ ಕಡೆ ನೋಡದೆ, "ಬನ್ನಿ ಮಾಯೆಸ್ತ್ರಾ," ಎಂದು ಪರದೆ ಸರಿಸಿದ. ಬಲಗಡೆಯೂ ಬರೀ ಮೊಳೆಗಳು. ಹದಿನಾಲ್ಕು ಮೊಳೆ.

ಅವನು ಗೋಡೆ ನೋಡಿದ. ಆಮೇಲೆ ನನ್ನ ಏಪ್ರನ್ನು ನೋಡಿದ. ತಲೆ ಕೆಡಿಸಿಕೊಂಡು ಅದನ್ನು ಒಗೆಯುವುದನ್ನೂ ಮರೆತಿದ್ದೆ, ಮಸಿ ಹಾಗೇ ಇತ್ತು. ಇವನು ಈಗ ಕೂಗಾಡುತ್ತಾನೆ ಎಂದು ಮೈ ಬಿಗಿಹಿಡಿದು ನಿಂತೆ.

"ಹೆಂಗಸರ ಅಳತೇವು ಹೋದ್ವು, ಮಾಯೆಸ್ತ್ರಾ," ಎಂದ ಎಜೀದಿಯೊ. "ನಿನ್ನೆ ಸಂಜೆ ನಾನೇ ಬೆಂಕಿಗೆ ಹಾಕ್ದೆ. ಸವೆದಿದ್ವು. ನಮ್ಮಲ್ಲಿ ಹಂಗೇ ಪದ್ಧತಿ. ದಡ್ಡ ನಾನು, ಯೋಚನೆ ಮಾಡ್ಲಿಲ್ಲ. ಗಂಡಸರದು ಇವೆ, ತಗೊಂಡು ಹೋಗಿ."

ಲವೀನಿಯಾ ಅವನನ್ನೇ ನೋಡುತ್ತ ನಿಂತಳು. ಅವಳ ಕಣ್ಣಲ್ಲಿ ನೀರು ತುಂಬಿತು, ಸಿಟ್ಟು ಎಂದುಕೊಂಡೆ. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಬಾಯಿ ತೆರೆದರೆ ಒಂದೇ ಮಾತು: 'ನಾನು ಹಾಕಿದ್ದು.' ಇಡೀ ಕೇರಿಗೆ ಬಾಯಿಜೋರು ಎಂದು ಹೆಸರಾದವಳಿಗೆ ಆ ಎರಡು ಪದ ಬರಲಿಲ್ಲ.

ಗಂಡಸರ ಅಚ್ಚುಗಳನ್ನು ಅವಳು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದಳು. ಹಬೆಯಲ್ಲಿಟ್ಟು ಪದರ ಬಿಡಿಸಿದರಂತೆ. ಕೈಯ ಆಕಾರದ ಹಾಳೆಗಳು, ಬೆರಳುಗಳ ಸಂದಿಯಲ್ಲಿ ಕತ್ತರಿಸಿಹೋದ ಸ್ವರಗಳನ್ನು ಪಕ್ಕದ ಪಿಟೀಲಿನ ಸಾಲು ನೋಡಿ ತುಂಬಿಕೊಂಡರು. ಕೊನೆಯ ದೃಶ್ಯಗಳು ಬಂದವು. ರಾಣಿಯ ಹಾಡೂ ಬಂತು, ಆದರೆ ಮೊದಲ ಭಾಗ ಮಾತ್ರ. ಆ ಕಾಲದ ಹಾಡುಗಳಿಗೆ ಒಂದು ಮೊದಲ ಭಾಗ, ಒಂದು ನಡುಭಾಗ, ಆಮೇಲೆ ಮತ್ತೆ ಮೊದಲಿನದೇ, ಹಾಡುವವಳು ತನ್ನ ಮನಸ್ಸಿಗೆ ಬಂದ ಹಾಗೆ ಬೆಳೆಸಿ ಹಾಡುವುದು. ನಡುಭಾಗ ಮುಂದಿನ ಹಾಳೆಗಳಲ್ಲಿತ್ತು. ತಾತ ಕಟ್ಟಿನಿಂದ ಹಾಳೆಗಳನ್ನು ಸಾಲಾಗಿ ತೆಗೆದು, ಗಂಡಸರ ಅಚ್ಚು ಮುಗಿಸಿ ಹೆಂಗಸರದು ಮಾಡಿದ್ದ.

ಒಂದು ಮಧ್ಯಾಹ್ನ ಅವಳು ನಮ್ಮಲ್ಲಿಗೆ ಬಂದು, ಆ ಹಳೆಯ ಪುಸ್ತಕದಿಂದ ನಡುಭಾಗದ ಮಾತು ಓದಿದಳು. "'ನಾನೂ ತಪ್ಪಿದವಳೇ, ನನ್ನ ಮುಂದೆ ಮಂಡಿಯೂರಬೇಡ.' ಇಷ್ಟಕ್ಕೆ ಸ್ಪಿನಾಕೊರ್ತಾ ಯಾವ ರಾಗ ಕೊಟ್ಟಿದ್ನೋ, ಇನ್ನು ಯಾರಿಗೂ ಗೊತ್ತಾಗಲ್ಲ." ನಾನು ಹೊಲಿಯುತ್ತಿದ್ದ ಸೂಜಿ ಬೆರಳಿಗೆ ಹೋಯಿತು. ಎಜೀದಿಯೊ ಎದ್ದು ಬಂದು, ಬಿಳಿ ಚರ್ಮಕ್ಕೆ ರಕ್ತ ತಾಗುತ್ತೆ ಎಂದು ನನ್ನ ಕೈಯಿಂದ ಕೆಲಸ ತೆಗೆದಿಟ್ಟ.

ಯಾವ ಮರ್ಯಾದೆಗಾಗಿ ಇದೆಲ್ಲ ಮಾಡಿದೆನೋ ಆ ಮರ್ಯಾದೆಗೆ ಏನೂ ಆಗಲಿಲ್ಲ. ಆ ಚರ್ಚಿನ ಉಳಿದ ಕಾಗದವೆಲ್ಲ ಯುದ್ಧವಾದ ಮೇಲೆ ಪಟಾಕಿ ಸುತ್ತುವವರ ಪಾಲಾಗಿತ್ತು. ತಾತ ಕದ್ದದ್ದು ಮಾತ್ರ ಉಳಿದಿತ್ತು. ಎಜೀದಿಯೊ ಎಲ್ಲವನ್ನೂ ಪಾದ್ರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಹಲಗೆಯಲ್ಲಿ ಬರೆದಿದ್ದು ನಿಜಾನೇ ಆಯ್ತಲ್ಲೋ," ಎಂದರಂತೆ. ತಾತನಿಗೆ ಹೊಗಳಿಕೆ ಬಂತು. ಬೈಗುಳವೆಲ್ಲ ತಮ್ಮನಿಗೆ ಉಳಿಯಿತು. ಒಂದು ಪತ್ರಿಕೆ 'ರಾಣಿಯನ್ನು ಸುಟ್ಟ ಕೈಗವಸಿನವ' ಎಂದು ಬರೆಯಿತು. ತೆರೇಸಾ ಅವನನ್ನು ಕಂಡಾಗಲೆಲ್ಲ, "ದೋನ್ ಎಜೀದಿಯೊ, ಬೆಂಕಿಕಡ್ಡಿ ಜೇಬಲ್ಲಿಟ್ಕೊಂಡು ನಮ್ಮ ಕಡೆ ಬರ್ಬೇಡಿ, ನಮ್ಮನೇ ಕ್ಯಾಲೆಂಡರ್ ಹೊಸದು!" ಎಂದು ರೇಗಿಸುತ್ತಿದ್ದಳು. ಬೆಂಕಿಯ ಹತ್ತಿರ ನನ್ನನ್ನು ಕಂಡಿದ್ದವಳು ಅವಳೇ. ಆದರೆ ಅಚ್ಚುಗಳನ್ನು ಕೊಟ್ಟು ಕಳಿಸಿದವನು ಅವನು, ಹೊತ್ತು ತಂದವಳು ಮಾತ್ರ ನಾನು ಎಂದು ಅವಳು ತಿಳಿದಿದ್ದಳು. ನಾನು ತಿದ್ದಲಿಲ್ಲ. ಅವನು ಟೋಪಿ ಮುಟ್ಟಿ ನಕ್ಕು ಮುಂದೆ ಹೋಗುತ್ತಿದ್ದ.

ತೊಂಬತ್ತಾರರ ಮೇ ತಿಂಗಳಲ್ಲಿ ಅರ್ಮೆಲಿಂದಾ ಆಡಿದರು. ನಮಗಿಬ್ಬರಿಗೂ ಮೂರನೆಯ ಸಾಲಿನಲ್ಲಿ ಜಾಗ. ಹಾರ್ಪ್ಸಿಕಾರ್ಡ್ ಎಂಬ ಪಿಯಾನೊದಂಥ ವಾದ್ಯದ ಮುಂದೆ ಕೂತು ಲವೀನಿಯಾ ನಡೆಸುತ್ತಿದ್ದಳು. ಒಪೆರಾ ಎಂದರೆ ದಪ್ಪ ಹೆಂಗಸರ ಕಿರುಚಾಟ ಎಂದು ನಾನು ತಿಳಿದಿದ್ದೆ. ಆದರೆ ಅದನ್ನು ಕೇಳಿ ನನಗೆ ಎದ್ದು ಕುಣಿಯಬೇಕೆನಿಸಿತು, ಸತ್ತವರೆಲ್ಲ ನೆನಪಾದರು. ಕೊನೆಗೆ ರಾಣಿಯ ಹಾಡು ಬಂತು. ತಂಗಿ ಮಂಡಿಯೂರಿದ್ದಾಳೆ, ರಾಣಿ ಮೊದಲ ಭಾಗ ಹಾಡಿದಳು. ಆಮೇಲೆ ಎಲ್ಲ ವಾದ್ಯಗಳೂ ನಿಂತವು. ಬೇರೆಯವರಿಂದ ರಾಗ ಕಟ್ಟಿಸಿ ತುಂಬಲು ಲವೀನಿಯಾ ಒಪ್ಪಿರಲಿಲ್ಲ. ಸಾವಿರ ಜನರ ಮುಂದೆ, ಆ ಮೌನದಲ್ಲಿ, ರಾಣಿ ಬರೀ ಮಾತಿನಲ್ಲಿ ಹೇಳಿದಳು: "ನಾನೂ ತಪ್ಪಿದವಳೇ." ಮೊದಲ ಭಾಗ ಮತ್ತೆ ಬಂದಾಗ ಇಡೀ ಸಭಾಂಗಣ ಅಳುತ್ತಿತ್ತು.

ಹೊರಗೆ ಬರುವಾಗ ಕನ್ನಡಕದವನೊಬ್ಬ, "ಏನು ಧೈರ್ಯ ರೀ! ಇಡೀ ಒಪೆರಾದಲ್ಲಿ ಆ ಮೌನವೇ ಶ್ರೇಷ್ಠ," ಎನ್ನುತ್ತಿದ್ದ. ಮಾರನೆಯ ದಿನ ಪತ್ರಿಕೆಗಳಲ್ಲೂ ಅದೇ ಬಂತು. ನಾನು ಮಾಡಿದ ತೂತಿಗೆ ಜನ ಚಪ್ಪಾಳೆ ತಟ್ಟಿದರು. ನಾನು ಒಂದು ಮೆಟ್ಟಿಲು ನೋಡದೆ ಕಾಲಿಟ್ಟೆ. ಎಜೀದಿಯೊ ತೋಳು ಹಿಡಿದು, "ನಿಧಾನ ಕಣೇ ರಕೇ," ಎಂದ. ಆಗಲೂ ಹೇಳಬಹುದಿತ್ತು.

ಹೇಳಲು ಪ್ರಯತ್ನಿಸಲಿಲ್ಲ ಎಂದಲ್ಲ. ನಮ್ಮ ಪಾದ್ರಿಗೆ ಹೇಳಲು ನಾಚಿಕೆಯಾಗಿ, ಹಗ್ಗ ಕಟ್ಟಿ ಮೇಲಕ್ಕೆ ಎಳೆಯುವ ರೈಲು ಹತ್ತಿ ಬೆಟ್ಟದ ಮೇಲಿನ ಗುರುತಿಲ್ಲದ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿದೆ. ಅಲ್ಲಿನ ಪಾದ್ರಿ ಆಕಳಿಸಿ, "ಹಳೇ ಕಾಗದ ಸುಟ್ಟಿದ್ದು ಪಾಪ ಅಲ್ಲ ತಾಯಿ," ಎಂದರು. ತಮ್ಮನ ವಿಷಯ ನಾನು ಅವರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಎಜೀದಿಯೊ ಪೇಟೆಯ ರಟ್ಟಿನಲ್ಲಿ ಹೊಸ ಅಚ್ಚು ಮಾಡಿಕೊಂಡ. ಅದು ಮಳೆಗಾಲದಲ್ಲಿ ಹಿಗ್ಗುತ್ತಿತ್ತು, ಬೇಸಿಗೆಯಲ್ಲಿ ಬಾಗುತ್ತಿತ್ತು. ಹಳೆಯ ಗಿರಾಕಿಗಳು ಬೆರಳ ತುದಿ ಬಿಗಿ ಎಂದು ದೂರುವರು. ಅವನು ಒಂದೊಂದು ಜೋಡಿಯನ್ನೂ ಕಣ್ಣಳತೆಯಲ್ಲೇ ತಿದ್ದಿ, ದಿನಕ್ಕೆ ಎಂಟು ಜೋಡಿ ಕತ್ತರಿಸುತ್ತಿದ್ದವನು ನಾಲ್ಕಕ್ಕೆ ಇಳಿದ. ಹೋದ ಫೆಬ್ರವರಿಯಲ್ಲಿ ನ್ಯುಮೋನಿಯಾ ಆಗಿ, ಆರು ದಿನ ಮಲಗಿ, ಹೋಗಿಬಿಟ್ಟ. ಕೊನೆಯ ದಿನ ನನ್ನ ಕೈ ಹಿಡಿದು, "ಏಳು," ಎಂದ. ನನ್ನ ಅಳತೆ ಅದೇ.

ಕಳೆದ ವಾರ ಲವೀನಿಯಾ ಬಂದಿದ್ದಳು. ಒಪೆರಾ ಮತ್ತೆ ಆಡಿಸುತ್ತಾರಂತೆ, ಪುಸ್ತಕದಲ್ಲಿ ಹಾಕಲು ಅವನ ಫೋಟೋ ಬೇಕಿತ್ತು. ಕಾಫಿಗೆ ಒಲೆ ಹಚ್ಚುತ್ತ, ಅವಳ ಕಡೆ ಬೆನ್ನು ಹಾಕಿಕೊಂಡೇ ಹೇಳಿಬಿಟ್ಟೆ. "ಅವನಲ್ಲ, ಮಾಯೆಸ್ತ್ರಾ. ಬೆಂಕಿಗೆ ಹಾಕಿದ್ದು ನಾನು."

"ಗೊತ್ತು, ದೊನ್ನಾ ರಕೇಲೆ."

ನಾನು ತಿರುಗಿದೆ.

"ಆ ಸಂಜೆ ಐದೂವರೆಯಿಂದ ಎಂಟರವರೆಗೂ ಅವರು ನಮ್ಮನೇ ಅಡಿಗೆಮನೇಲಿ ಕೂತಿದ್ರು," ಎಂದಳು. "ಅಮ್ಮ ಕಡಲೆಕಾಳು ಹಾಕಿ ಪಾಸ್ತಾ ಮಾಡಿದ್ರು, ಎರಡು ತಟ್ಟೆ ತಿಂದ್ರು. ಅಚ್ಚಿನ ವಿಷಯ, ನಿಮ್ಮ ತಾತನ ವಿಷಯ, ಎಲ್ಲಾ ಹೇಳಿ, ನಾಳೆ ಬೆಳಿಗ್ಗೆ ಬನ್ನಿ ಎಲ್ಲಾ ಕೊಡ್ತೀನಿ ಅಂದ್ರು. ಅವರು ಆ ಬೆಂಕಿ ಹತ್ರ ಹೋಗಿರೋಕೆ ಸಾಧ್ಯಾನೇ ಇರ್ಲಿಲ್ಲ."

"ಹಂಗಾದ್ರೆ ಮಾರನೇ ದಿನ, ಅವನು ಆ ಮಾತು ಹೇಳ್ದಾಗ್ಲೇ..."

"ಆಗ್ಲೇ ಗೊತ್ತಾಯ್ತು."

"ಮತ್ತೆ ಹನ್ನೊಂದು ವರ್ಷ ಯಾಕೆ ಸುಮ್ನಿದ್ರಿ?"

"ನಾನು ಹೊರಟಾಗ ಬೀದಿ ತಿರುವಿನವರೆಗೂ ಓಡಿ ಬಂದ್ರು, ಏದುಸಿರು ಬಿಡ್ತಾ. 'ಅವಳನ್ನ ಏನೂ ಕೇಳ್ಬೇಡಿ ಮಾಯೆಸ್ತ್ರಾ, ಅವಳೇ ಹೇಳ್ತಾಳೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳೇ ಹೇಳ್ತಾಳೆ, ನಂಗೊತ್ತು ಅವಳು,' ಅಂದ್ರು."

ಆ ರಾತ್ರಿಯ ಊಟ ನನಗೆ ನೆನಪಿದೆ. ಹುರುಳಿಕಾಯಿ ಸೂಪು. ಅವನು ಚಮಚ ಕೈಯಲ್ಲಿ ಹಿಡಿದು, ಬಾಯಿಗಿಡದೆ, ನನ್ನ ಮುಖವನ್ನೇ ನೋಡುತ್ತ ಕೂತಿದ್ದ. ಏನೋ ನೋಡ್ತಿದ್ದೀಯ, ಉಪ್ಪು ಕಮ್ಮಿಯಾಯ್ತಾ ಎಂದು ರೇಗಿದೆ. ಸರಿಯಾಗಿದೆ ಎಂದು ತಿನ್ನತೊಡಗಿದ. ಮಾರನೆಯ ರಾತ್ರಿಯೂ ಹಾಗೇ ನೋಡಿದ. ಹನ್ನೊಂದು ವರ್ಷ ನಾವಿಬ್ಬರೂ ಅದೇ ಮೇಜಿಗೆ ಎದುರುಬದುರು ಕೂತು ಊಟ ಮಾ‌ಡಿದೆವು.